ಬ್ರೇಕಿಲ್ಲದ ಜಾವಾ

ನಮ್ಮ ತಾತ ನಂಜನಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದರು. ಮನೆ ಟಿ. ನರಸೀಪುರದಲ್ಲಿ. ಕೆಲಸದಲ್ಲಿದ್ದಾಗಲೂ ನಿವೃತ್ತರಾದ ಮೇಲೂ ಅವರು ಓಡಿಸಿದ್ದು ಒಂದೇ ಗಾಡಿ, ಮೈಸೂರಿನಲ್ಲೇ ತಯಾರಾದ ಕೆಂಪು ಜಾವಾ. ಕಿಕ್ ಹೊಡೆದ ಮೇಲೆ ಅದೇ ಕಡ್ಡಿಯನ್ನು ಮುಂದಕ್ಕೆ ಮಡಚಿದರೆ ಅದು ಗೇರ್ ಆಗುತ್ತಿತ್ತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಎಷ್ಟು ಆಯಿಲ್ ಬೆರೆಸಿದರು, ಗಾಡಿ ಎಷ್ಟು ಕಿಲೋಮೀಟರ್ ಓಡಿತು ಎಂಬುದನ್ನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ನೋಟ್‌ಬುಕ್ಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೈಸೂರಿನ ಕಾರ್ಖಾನೆಗಳ ಚರಿತ್ರೆ ನನ್ನ ಪಿಎಚ್‌ಡಿ ವಿಷಯ. ಜಾವಾ ಎಂಬ ಹೆಸರಿನ ಬೆನ್ನು ಹತ್ತಿ ಹೊರಟವನು ಯಾದವಗಿರಿಯಿಂದ ಪ್ರಾಗ್‌ಗೆ, ಅಲ್ಲಿಂದ ನಾನು ನಿರೀಕ್ಷಿಸದೇ ಇದ್ದ ಇಂಗ್ಲೆಂಡಿಗೆ ಹೋಗಿ ಮುಟ್ಟಿದೆ. ಅಲ್ಲಿ ಸ್ಪೀಡ್‌ವೇ ಎಂಬ ಒಂದು ಬೈಕ್ ಓಟವಿದೆ. ಆ ಓಟವನ್ನು ನೋಡಿ ಬೆಳೆದವರ ನೆನಪುಗಳನ್ನು ಓದುತ್ತಾ ಹೋದ ಹಾಗೆ ಅಲ್ಲೂ ಜಾವಾ ಸಿಕ್ಕಿತು. ಆದರೆ ಅದಕ್ಕೆ ಬ್ರೇಕೇ ಇರಲಿಲ್ಲ!

ಸ್ಪೀಡ್‌ವೇಯ ನಿಯಮ ಸರಳ. ಒಂದು ಓಟಕ್ಕೆ ನಾಲ್ವರು ಸವಾರರು, ನಾಲ್ಕು ಸುತ್ತು, ಹೆಚ್ಚುಕಡಿಮೆ ಒಂದು ನಿಮಿಷ. 500 ಸಿಸಿಯ ಬೈಕಿಗೆ ಒಂದೇ ಗೇರ್. ಕಲ್ಲುಪುಡಿ ಹಾಸಿದ ಅಂಡಾಕಾರದ ಟ್ರ್ಯಾಕಿನ ತಿರುವಿನಲ್ಲಿ ಸವಾರ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಕಬ್ಬಿಣದ ತಳ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ ಬೈಕನ್ನು ಹೊರಳಿಸುತ್ತಾನೆ. ಇಂಧನ ಮೆಥನಾಲ್. ಅದಕ್ಕೆ ಹೊಂದುವಂತೆ ಎಂಜಿನ್ನಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಿದ್ದರು. ಆಗಿನ ಪ್ರೇಕ್ಷಕರು ಇವತ್ತಿಗೂ ಮೊದಲು ನೆನೆಯುವುದು ಆ ಸುಟ್ಟೆಣ್ಣೆಯ ವಾಸನೆಯನ್ನೇ. ಹರಳೆಣ್ಣೆ ಎಂದರೆ ಅಜ್ಜಿ ನೆತ್ತಿಗೆ ತಟ್ಟುವುದು ಎಂದಷ್ಟೇ ಗೊತ್ತಿದ್ದ ನನಗೆ ಇದನ್ನು ಓದಿ ನಗು ಬಂತು.

ಬ್ರಿಟನ್ನಿನಲ್ಲಿ ಈ ಆಟ ಜನಪ್ರಿಯವಾದದ್ದು 1928ರ ಫೆಬ್ರವರಿಯಲ್ಲಿ ಲಂಡನ್ ಸಮೀಪದ ಹೈ ಬೀಚ್‌ನಲ್ಲಿ ನಡೆದ ಓಟದಿಂದ. ಬಹುಕಾಲ ಅಲ್ಲಿ ಇಂಗ್ಲಿಷರ ಜ್ಯಾಪ್ ಎಂಜಿನ್ನಿನದೇ ರಾಜ್ಯಭಾರ. 1960ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ಎಸೊ ಬೈಕು ಬಂದು ಆ ಎಂಜಿನ್ನನ್ನು ಬದಿಗೆ ಸರಿಸಿತು. 1964ರಲ್ಲಿ ಎಸೊ ಕಂಪನಿ ಜಾವಾದಲ್ಲಿ ವಿಲೀನವಾಗಿ, ಮುಂದೆ ಆ ಬೈಕಿನ ಮೇಲೂ ಜಾವಾ ಎಂಬ ಹೆಸರೇ ಬಂತು. ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ ಅದನ್ನು ಬ್ರಿಟನ್ನಿನಲ್ಲಿ ಹರಡಿದರು. ಅದೇ ದೇಶದ ಐವನ್ ಮಾಗರ್ ಆರು ಬಾರಿ ವಿಶ್ವ ಚಾಂಪಿಯನ್ ಆದರು. 1972ರಲ್ಲಿ ಅವರು ವೆಂಬ್ಲಿಯಲ್ಲಿ ಗೆದ್ದದ್ದು ಜಾವಾ ಮೇಲೆ.

ಅದೇ ಹೊತ್ತಿನಲ್ಲಿ ನಮ್ಮ ರಸ್ತೆಗಳಲ್ಲೂ ಜಾವಾ ಓಡುತ್ತಿತ್ತು. ರುಸ್ತುಂ ಮತ್ತು ಫರೋಖ್ ಇರಾನಿ ಅವರು ಜೆಕ್ ಕಂಪನಿಯ ಸಹಯೋಗದಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವಿತ್ತು. ಹೆಸರು ಒಂದೇ ಆದರೂ ಯಂತ್ರ ಬೇರೆ. ನಮ್ಮದು 250 ಸಿಸಿಯ ಟೂ ಸ್ಟ್ರೋಕ್. ಭತ್ತದ ಮೂಟೆಯನ್ನೂ ಹೊರುತ್ತಿತ್ತು, ಹೆಂಡತಿ ಮಕ್ಕಳನ್ನೂ ಹೊರುತ್ತಿತ್ತು. 1970ರ ದಶಕದಲ್ಲಿ ಅದು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಅಲ್ಲೂ ಬಾಗಿಲುಗಳು ಮುಚ್ಚಿವೆ. ಮಾಗರ್ ಆಡಿದ ಬೆಲ್ ವ್ಯೂ ತಂಡದ ಹೈಡ್ ರೋಡ್ ಟ್ರ್ಯಾಕ್ 1987ರಲ್ಲಿ ಕೊನೆಯ ಓಟ ಕಂಡಿತು. ವಿಂಬಲ್ಡನ್ನಿನ ಪ್ಲೋ ಲೇನ್‌ನಲ್ಲಿ 2005ಕ್ಕೆ ಸ್ಪೀಡ್‌ವೇ ನಿಂತಿತು, ಈಗ ಅಲ್ಲಿ ಫುಟ್‌ಬಾಲ್ ಮೈದಾನವಿದೆ. ಆದರೂ ಆ ಟ್ರ್ಯಾಕುಗಳ ಒಂದೊಂದು ಸಂಜೆಯನ್ನೂ ಮತ್ತೆ ಕಟ್ಟಬಹುದು. ಕಾರಣ ಪೆನ್ಸಿಲ್. ಪ್ರೇಕ್ಷಕರು ಕಾರ್ಯಕ್ರಮದ ಪುಸ್ತಿಕೆ ಕೊಂಡು, ಪ್ರತಿ ಓಟ ಮುಗಿದ ಕೂಡಲೇ ಗೆದ್ದವನಿಗೆ 3, ನಂತರದವರಿಗೆ 2, 1, ಕೊನೆಯವನಿಗೆ 0 ಎಂದು ತಾವೇ ಬರೆದುಕೊಳ್ಳುತ್ತಿದ್ದರು. ಹತ್ತು ವರ್ಷದ ಹುಡುಗರೂ ಬರೆಯುತ್ತಿದ್ದರು. ಹಾಗೆ ಬರೆದ ಪುಸ್ತಿಕೆಗಳನ್ನು ಎಸೆಯದೆ ಇಟ್ಟುಕೊಂಡರು.

ನಮ್ಮಲ್ಲಿ ಬೈಕು ಉಳಿಯಿತು. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ ದಿನದಂದು ಥಳಥಳಿಸುವ ಹಳೆಯ ಗಾಡಿಗಳು ಸಾಲುಗಟ್ಟುತ್ತವೆ. ಅವುಗಳ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು. ಅವನ್ನು ಜೋಡಿಸಿದ ಕೈಗಳು ಯಾರವು, ಶಿಫ್ಟ್ ಎಷ್ಟು ಹೊತ್ತಿಗೆ ಬಿಡುತ್ತಿತ್ತು, 1996ರ ನಂತರ ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂದು ಕೇಳುವವರು ಕಡಿಮೆ.

ಯಾರನ್ನೋ ದೂರುವ ಹಕ್ಕು ನನಗಿಲ್ಲ. ತಾತ ತೀರಿಕೊಂಡ ವರ್ಷ ನನಗೆ ಹದಿನಾರು. ಮನೆ ಸುಣ್ಣ ಬಳಿಸುವಾಗ ಅವರ ಪೆಟ್ಟಿಗೆಯ ಕಾಗದಗಳನ್ನು ರದ್ದಿಯವನಿಗೆ ಕೊಟ್ಟವನು ನಾನೇ. ಆ ನೋಟ್‌ಬುಕ್ಕೂ ಅದರಲ್ಲೇ ಹೋಯಿತು. ನೀಲಿ ರಟ್ಟು, ಕೆಂಪು ಇಂಕಿನ ಗೆರೆ ಎಂಬುದಷ್ಟೇ ನೆನಪಿದೆ, ಒಳಗಿನ ಒಂದು ಅಂಕಿಯೂ ನೆನಪಿಲ್ಲ. ಒಬ್ಬ ಮೇಷ್ಟ್ರ ಸಂಬಳದಲ್ಲಿ ಬೈಕು ಎಷ್ಟು ತಿನ್ನುತ್ತಿತ್ತು ಎಂದು ಹೇಳಬಲ್ಲ ಅಂಥ ಆಧಾರ ನನ್ನ ಪ್ರಬಂಧಕ್ಕೆ ಇನ್ನೊಂದು ಸಿಕ್ಕಿಲ್ಲ.

ಈಗ ನಂಜನಗೂಡು ರಸ್ತೆಯಲ್ಲಿ ಹೋಗುವಾಗ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆ ಕಾಣುತ್ತದೆ. ಶಿಫ್ಟ್ ಮುಗಿಸಿದ ನನ್ನ ವಯಸ್ಸಿನವರು ತಮ್ಮ ತಮ್ಮ ಬೈಕುಗಳಲ್ಲಿ ಊರಿಗೆ ಹೊರಡುತ್ತಾರೆ. ಅವರ ಕೆಲಸವೂ ಒಂದು ದಿನ ಚರಿತ್ರೆಯಾಗುತ್ತದೆ. ಹಳೆಯ ಜಾವಾ ಕೆಲಸಗಾರರ ಮನೆಗಳಿಗೆ ಭಾನುವಾರ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಜೊತೆಗೆ ಬರೆದೂ ಕೊಳ್ಳುತ್ತೇನೆ. ಹೊರಡುವ ಮುಂಚೆ ಎಲ್ಲರಲ್ಲೂ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಹಳೆಯ ಕಾಗದ ಏನಿದ್ದರೂ ರದ್ದಿಗೆ ಹಾಕಬೇಡಿ, ನನಗೊಂದು ಫೋನ್ ಮಾಡಿ.