ಗೇರ್ ರಾಡ್ ಗಿಡ್ಡವಾದ ಕಥೆ

ನಾವು ಚಿಕ್ಕಂದಿನಲ್ಲಿ ಕಂಡ ಹಳೆಯ ಅಂಬಾಸಿಡರ್‌ಗಳಲ್ಲಿ ಗೇರ್ ಇದ್ದದ್ದು ಸ್ಟೇರಿಂಗ್ ಪಕ್ಕದಲ್ಲಿ. 1940ರ ದಶಕದ ಅಮೆರಿಕದ ಬಹುತೇಕ ಕಾರುಗಳಲ್ಲೂ ಹಾಗೆಯೇ. ಮುಂದಿನ ಸೀಟಿನಲ್ಲಿ ಮೂವರು ಕೂರಬಹುದಿತ್ತು. ಆದರೆ ಹಲವು ಸರಳು, ಕೀಲುಗಳನ್ನು ದಾಟಬೇಕಿದ್ದರಿಂದ ಗೇರ್ ನಿಧಾನವಾಗಿ, ಸಡಿಲವಾಗಿ ಬೀಳುತ್ತಿತ್ತು.

ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳನ್ನು ಮನೆಯಲ್ಲೇ ಬಿಚ್ಚಿ ಕಾಲು ಮೈಲಿ ಓಟಕ್ಕೆ ಸಜ್ಜುಗೊಳಿಸುತ್ತಿದ್ದರು. ಅಲ್ಲಿ ಗೇರ್ ಬದಲಿಸುವ ಕ್ಷಣವೂ ಲೆಕ್ಕಕ್ಕೆ ಬರುತ್ತಿತ್ತು. ಗೇರ್ ನೆಲಕ್ಕಿಳಿಯಿತು, ರಾಡಿನ ಓಡಾಟ ಗಿಡ್ಡವಾಯಿತು.

ಇದರ ಗುಟ್ಟು ನಮ್ಮೂರ ಬಾವಿಯ ಏತದ್ದೇ. ಕೀಲಿನ ಮೇಲೆ 30 ಸೆಂ.ಮೀ., ಕೆಳಗೆ 6 ಸೆಂ.ಮೀ. ಇರುವ ರಾಡ್ ಎಂದುಕೊಳ್ಳೋಣ. ಕೆಳತುದಿ 1 ಸೆಂ.ಮೀ. ಸರಿಯಲು ಕೈ 5 ಸೆಂ.ಮೀ. ಸರಿಯಬೇಕು. ಮೇಲ್ಭಾಗವನ್ನು 24ಕ್ಕೆ ಕತ್ತರಿಸಿದರೆ 4 ಸೆಂ.ಮೀ. ಸಾಕು. ಆದರೆ ಬಲ ಕಾಲುಭಾಗ ಹೆಚ್ಚು ಬೇಕು. ಅವಸರದಲ್ಲಿ ಒತ್ತಿದರೆ ಒಳಗಿನ ಸಿಂಕ್ರೊನೈಸರ್ ರಿಂಗ್ ಸವೆಯುತ್ತದೆ. ಕೆಳಭಾಗ ಉದ್ದ ಮಾಡಲು ಹಾಕಿದ ಬೆಸುಗೆ ಬಿಟ್ಟರಂತೂ ಓಟದ ನಡುವೆ ಕೈಯಲ್ಲಿ ಬರೀ ರಾಡ್ ಉಳಿಯುತ್ತದೆ.

ಪೆನ್ಸಿಲ್ವೇನಿಯಾದ ಜಾರ್ಜ್ ಹರ್ಸ್ಟ್ ಈ ಗ್ಯಾರೇಜ್ ಕೆಲಸವನ್ನು ನಂಬಬಹುದಾದ ಗಟ್ಟಿ ಸಾಮಾನಾಗಿಸಿದರು. 1964ರಲ್ಲಿ ಪಾಂಟಿಯಾಕ್ ಜಿಟಿಒ ಕಾರಿಗೆ ಕಾರ್ಖಾನೆಯಲ್ಲೇ ಅವರ ಶಿಫ್ಟರ್ ಕೂರಿಸಿದರು.

ರೇಸಿನಲ್ಲಿ ನಜ್ಜುಗುಜ್ಜಾದ ಕಾರಿನಿಂದ ಚಾಲಕನನ್ನು ಹೊರತೆಗೆಯಲು ಪಟ್ಟ ಪಾಡನ್ನು ಕಂಡ ಇದೇ ಹರ್ಸ್ಟ್, ತಗಡನ್ನು ಸೀಳಿ ಅಗಲಿಸುವ ಹೈಡ್ರಾಲಿಕ್ ಉಪಕರಣವನ್ನೂ ರೂಪಿಸಿದರು. ಅದೇ ‘ಜಾಸ್ ಆಫ್ ಲೈಫ್’. ಹೆದ್ದಾರಿ ಅಪಘಾತಗಳ ಸುದ್ದಿ ಬರೆಯುವ ನಮಗೆ ಅವರ ಶಿಫ್ಟರ್‌ಗಿಂತ ಇದೇ ದೊಡ್ಡದು.