ಚಿಕ್ಕ ಮನೆಯಲ್ಲಿ ಜಾಗ ಉಳಿಸಲು ಕಿಟಕಿ, ಗಾಳಿಕಿಂಡಿ ಮುಚ್ಚಬಹುದೇ?

ಪುಟ್ಟ ಫ್ಲ್ಯಾಟಿನಲ್ಲಿ ಜಾಗ ಉಳಿಸುವ ಉಪಾಯಗಳ ವಿಡಿಯೋಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮಡಚುವ ಮೇಜು, ಒಳಗೆ ಸಾಮಾನು ತುಂಬುವ ಮಂಚ ಒಳ್ಳೆಯವೇ. ಆದರೆ ಕಿಟಕಿಗೆ ಅಡ್ಡ ಬೀರು ನಿಲ್ಲಿಸುವುದು, ಬಚ್ಚಲಿನ ಗಾಳಿಕಿಂಡಿ ಮುಚ್ಚಿ ಶೆಲ್ಫ್ ಮಾಡುವುದು ಬೇಡ.

ಕಾರಣವೇನು?

ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಉರಿಯಲು ಆಮ್ಲಜನಕ ಬೇಕು. ಹೊಸ ಗಾಳಿ ಬಾರದಿದ್ದರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ ಇದರ ಲಕ್ಷಣ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪಿ ಜೀವ ಕಳೆದುಕೊಳ್ಳಬಹುದು.

ಹಾಗಾದರೆ ಜಾಗ ಎಲ್ಲಿಂದ?

ಉತ್ತರ ನಮ್ಮ ಹೊನ್ನಾಳಿ ಸೀಮೆಯ ಹಳೆಯ ಮನೆಗಳಲ್ಲೇ ಇದೆ. ದೀಪ, ಡಬ್ಬಿಗೆ ಗೋಡೆಯೊಳಗೇ ಗೂಡು. ಅಪರೂಪಕ್ಕೆ ಬೇಕಾಗುವ ಪಾತ್ರೆಗೆ ಅಟ್ಟ. ಮಾಳಿಗೆಯಲ್ಲಿ ಬೆಳಕಿಂಡಿ. ಸಾಮಾನು ಗೋಡೆಗೆ, ಮೇಲಕ್ಕೆ ಹೋಯಿತು. ಗಾಳಿ, ಬೆಳಕಿನ ದಾರಿ ಹಾಗೇ ಉಳಿಯಿತು. ಬೆಂಗಳೂರಿನ 20×30 ಸೈಟಿನ ಬಾಡಿಗೆ ಮನೆಗೂ ಇದೇ ಲೆಕ್ಕ: ಬಾಗಿಲ ಮೇಲೆ, ಮಂಚದ ಕೆಳಗೆ ಸಾಮಾನಿಡಿ.

ನೆನಪಿಡಿ

ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಯಾರಾದರೂ ಕುಸಿದರೆ ಬಾಗಿಲು ತೆರೆದು ಬಯಲಿಗೆ ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಿ. ಜಾಗ ಉಳಿಸುವ ವಿಡಿಯೋ ಹಂಚುವ ಮುನ್ನ ಒಮ್ಮೆ ನೋಡಿ: ಅದರಲ್ಲಿ ಕಿಟಕಿ ತೆರೆದಿದೆಯೇ?