ಮೂರು ಊರುಗಳ ಕೆಂಬಾವುಟ

1983ರಲ್ಲಿ ಕರ್ನಾಟಕ ವಿಧಾನಸಭೆಗೆ ಆರು ಮಂದಿ ಕಮ್ಯುನಿಸ್ಟರು ಆರಿಸಿ ಬಂದಿದ್ದರು: ಸಿಪಿಐನವರು ಮೂವರು, ಸಿಪಿಎಂನವರು ಮೂವರು. ಬಿಜೆಪಿಗೆ ಆ ಸಲ ಸಿಕ್ಕಿದ್ದು 18 ಸ್ಥಾನ. 2008ರಿಂದೀಚೆಗಿನ ಸಾರ್ವತ್ರಿಕ ಚುನಾವಣೆಗಳಲ್ಲಿ ಎಡಪಕ್ಷಗಳಿಗೆ ಒಂದು ಸ್ಥಾನವೂ ಇಲ್ಲ. ಕೇರಳ, ಬಂಗಾಳಗಳ ಮಾತು ಬಂದಾಗಲೆಲ್ಲ ‘ನಮ್ಮಲ್ಲಿ ಎಡಪಕ್ಷ ಎಲ್ಲಿತ್ತು ಬಿಡಿ’ ಎಂದು ಕೈಕೊಡವುವುದು ರೂಢಿ. ರಾಜ್ಯದ ಉದ್ದಗಲಕ್ಕೆ ಇರಲಿಲ್ಲ, ನಿಜ. ಇದ್ದ ಕಡೆ ಮಾತ್ರ ಗಟ್ಟಿಯಾಗಿತ್ತು. ದುಡಿಯುವ ಜಾಗ, ಮಲಗುವ ಮನೆ, ಮತಗಟ್ಟೆ ಮೂರೂ ಒತ್ತೊತ್ತಿಗೆ ಇದ್ದಲ್ಲಿ ಅದು ಬೆಳೆಯಿತು, ಅವು ದೂರವಾದಂತೆ ಸೊರಗಿತು ಎಂಬುದು ನನ್ನ ಲೆಕ್ಕಾಚಾರ.

ಇದು ಎದ್ದು ಕಾಣುವುದು ಕೋಲಾರದ ಚಿನ್ನದ ಗಣಿಯಲ್ಲಿ. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರು ಮೇಲೆ ಬಂದರೆ ಕಂಪನಿ ಕಟ್ಟಿಸಿದ ಲೈನ್ ಮನೆಗಳು. ಅಕ್ಕಪಕ್ಕದ ಮನೆಯವರೆಲ್ಲ ಗಣಿಯವರೇ. 1930 ಮತ್ತು 1946ರ ಮುಷ್ಕರಗಳು ಹುಟ್ಟಿದ್ದು ಈ ಲೈನುಗಳಲ್ಲಿ. 1952ರ ಮೊದಲ ಚುನಾವಣೆಯಲ್ಲಿ ಕಾರ್ಮಿಕ ನಾಯಕ ಕೆ.ಎಸ್. ವಾಸನ್, 1957ರಲ್ಲಿ ಎಂ.ಸಿ. ನರಸಿಂಹನ್ ಕಮ್ಯುನಿಸ್ಟರಾಗಿ ಅಲ್ಲಿಂದ ಗೆದ್ದರು. ಆದರೆ ಗಣಿಯಲ್ಲಿದ್ದವರಲ್ಲಿ ಹೆಚ್ಚಿನವರು ತಮಿಳು ದಲಿತರು. ಕೂಲಿಯ ಪ್ರಶ್ನೆಗೆ ಸಂಘವಿತ್ತು. ಮಾನದ ಪ್ರಶ್ನೆಗೆ ಅಂಬೇಡ್ಕರ್ ಇದ್ದರು. ಭಾಷೆಯ ಪ್ರಶ್ನೆಗೆ ದ್ರಾವಿಡ ಪಕ್ಷಗಳು ಬಂದವು. ಎಪ್ಪತ್ತರ ದಶಕದಲ್ಲಿ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರುಮುಗಂ, 1983ರಲ್ಲಿ ಅಣ್ಣಾ ಡಿಎಂಕೆಯ ಭಕ್ತವತ್ಸಲಂ, 1985ರಲ್ಲಿ ಸಿಪಿಎಂನ ಟಿ.ಎಸ್. ಮಣಿ, 1989ರಲ್ಲಿ ಮತ್ತೆ ಭಕ್ತವತ್ಸಲಂ. ಪಾಳಿ ಮುಗಿಸಿ ಬಂದ ಅದೇ ಜನ ಒಂದು ಸಲ ಕಾರ್ಮಿಕರಾಗಿ, ಇನ್ನೊಂದು ಸಲ ದಲಿತರಾಗಿ, ಮತ್ತೊಂದು ಸಲ ತಮಿಳರಾಗಿ ಮತ ಹಾಕಿದರು. ಇದನ್ನು ಪ್ರಜ್ಞೆಯ ಕೊರತೆ ಎಂದು ಬೈಯುವ ಹಳೆಯ ಕಾಮ್ರೇಡುಗಳಿದ್ದರು. ನನಗದು ಅನ್ಯಾಯದ ಮಾತೆನಿಸುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಅಲ್ಲಿನ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬೇರೆ ಬೇರೆ ಧಣಿಗಳ ಕೈಕೆಳಗೆ ದುಡಿಯುತ್ತಾರೆ. 2008 ಮತ್ತು 2013ರಲ್ಲಿ ಆ ಕ್ಷೇತ್ರ ಬಿಜೆಪಿಯದಾಯಿತು, 2018ರಿಂದ ಕಾಂಗ್ರೆಸ್ಸಿನದು.

ಕರಾವಳಿಯ ಕತೆ ಇದಕ್ಕಿಂತ ತೊಡಕಿನದು. ಅಲ್ಲಿ ಹೆಂಚಿನ ಕಾರ್ಖಾನೆ, ಬೀಡಿ, ಗೇಣಿ ಮೂರೂ ಸೇರಿದ್ದವು. ಬಿ.ವಿ. ಕಕ್ಕಿಲ್ಲಾಯರು ಸಿಪಿಐನಿಂದ 1972ರಲ್ಲಿ ಬಂಟ್ವಾಳದಲ್ಲಿ, 1978ರಲ್ಲಿ ವಿಟ್ಲದಲ್ಲಿ ಗೆದ್ದರು. ಐದೇ ವರ್ಷದಲ್ಲಿ ವಿಟ್ಲ ಬಿಜೆಪಿಯ ರುಕ್ಮಯ್ಯ ಪೂಜಾರಿಯವರ ಪಾಲಾಯಿತು. ಈ ನಡುವೆ ಆದದ್ದು ಭೂಸುಧಾರಣೆ. ಯಾವಾಗ ಬೇಕಾದರೂ ಎಬ್ಬಿಸಬಹುದಾಗಿದ್ದ ಚಾಲಗೇಣಿ ಒಕ್ಕಲುಗಳ ಪರವಾಗಿ ಎಡಪಂಥೀಯರು ದಶಕಗಳ ಕಾಲ ಹೊಡೆದಾಡಿದ್ದರು; ಭೂಮಿ ಕೊಟ್ಟ ಕೀರ್ತಿ ದೇವರಾಜ ಅರಸರ 1974ರ ಕಾನೂನಿಗೆ ಹೋಯಿತು. ಭೂಮಿಯ ಹಕ್ಕು ಕೋರುವ ಏಳನೇ ನಮೂನೆಯ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ ಒಕ್ಕಲು ಹೊರಬರುವಾಗ ಒಡೆಯನಾಗಿದ್ದ. ಅವನ ಮುಂದಿನ ಚಿಂತೆ ಅಡಿಕೆಯ ಧಾರಣೆ, ಮಗನ ಕಾಲೇಜು, ಮುಂಬಯಿಯ ಕೆಲಸ. ಧಣಿಯ ಎದುರು ಕಟ್ಟಿದ ಸಂಘಕ್ಕೆ ಧಣಿಯೇ ಇಲ್ಲದಾಯಿತು. ಆದರೂ ಭೂಮಿ ಸಿಕ್ಕಿದ್ದರಿಂದಲೇ ಎಡಪಕ್ಷ ಸೋತಿತು ಎಂದರೆ ಅರ್ಧ ಸತ್ಯ. ಆ 1983ರಲ್ಲೇ ಉಳ್ಳಾಲದಿಂದ ಸಿಪಿಎಂನ ಪಿ. ರಾಮಚಂದ್ರ ರಾವ್ ಗೆದ್ದಿದ್ದರು. ಆಮೇಲೆ ತಾರಸಿ ಮನೆಗಳು ಬಂದು ಹೆಂಚಿನ ಬೇಡಿಕೆ ಕುಸಿಯಿತು. ಬೀಡಿ ಮನೆಯೊಳಗಿನ ಹೆಂಗಸರ ಕೆಲಸವಾಗಿ ಚದುರಿತು. 1966ರ ಬೀಡಿ ಕಾರ್ಮಿಕರ ಕಾನೂನು ಜಾರಿಗೆ ಬರುತ್ತಿದ್ದಂತೆ ಮಂಗಳೂರಿನ ಕಂಪನಿಗಳು ಕೇರಳದ ಕಣ್ಣೂರಿನಲ್ಲಿ ಬಾಗಿಲು ಹಾಕಿದಾಗ, ಅಲ್ಲಿನ ಕೆಲಸಗಾರರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿ ಮತ್ತೆ ಒಂದೇ ಸೂರಿನಡಿ ಕೂತರು. ಗಡಿಯ ಈಚೆಗೆ ಆ ಬಗೆಯ ಸೂರು ಏಳಲಿಲ್ಲ. ಮನೆಮನೆಗೆ ಹಂಚಿಹೋದವರನ್ನು ಒಟ್ಟುಗೂಡಿಸಲು ಜಾತಿ ಸಂಘ, ಭಜನಾ ಮಂಡಳಿ, ಮಸೀದಿ, ದೇವಸ್ಥಾನಗಳು ಇದ್ದವು. ಯೂನಿಯನ್ ಇಂದಿಗೂ ಇದೆ. ಬೀಡಿಯ ಮಜೂರಿ ಕೇಳಲು ಅದರ ಹತ್ತಿರ ಹೋಗುವವರೇ ಮತದ ದಿನ ಬೇರೆ ಕಡೆ ತಿರುಗುತ್ತಾರೆ.

ಎಂಬತ್ತರ ದಶಕ ಬಯಲುಸೀಮೆಯಲ್ಲೂ ಇಕ್ಕಟ್ಟಿನದೇ. ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ನಂತರ ರೈತರ ಸಿಟ್ಟು ರೈತಸಂಘದ ಹಸಿರು ಶಾಲು ಹೊದೆಯಿತು, ದಲಿತರ ಸಿಟ್ಟು ದಲಿತ ಸಂಘರ್ಷ ಸಮಿತಿಯಲ್ಲಿ ಮಾತು ಕಂಡುಕೊಂಡಿತು. ಬೇರೆಡೆ ಕಮ್ಯುನಿಸ್ಟರ ಪಾಲಾಗಬಹುದಾಗಿದ್ದ ಜಾಗಗಳಿವು.

ನನ್ನ ಲೆಕ್ಕಾಚಾರಕ್ಕೆ ಪೂರ್ತಿ ಒಗ್ಗದ ಊರು ಬಾಗೇಪಲ್ಲಿ. ಗಣಿಯಿಲ್ಲ, ಗಿರಣಿಯಿಲ್ಲ, ಆಂಧ್ರದ ಗಡಿಗಂಟಿದ ಬರದ ನೆಲ, ತೆಲುಗಾಡುವ ಜನ. ಅಲ್ಲಿ ಸಿಪಿಎಂನ ಅಪ್ಪಸ್ವಾಮಿ ರೆಡ್ಡಿ 1983ರಲ್ಲಿ, ಜಿ.ವಿ. ಶ್ರೀರಾಮರೆಡ್ಡಿ 1994 ಮತ್ತು 2004ರಲ್ಲಿ ಗೆದ್ದರು. ಸಾಗುವಳಿ ಚೀಟಿ, ಕುಡಿಯುವ ನೀರು, ಕೂಲಿ ಎಂದು ಹಳ್ಳಿ ಸುತ್ತಿ ಕಟ್ಟಿದ ಬಲವದು. 2018ರಲ್ಲೂ ಶ್ರೀರಾಮರೆಡ್ಡಿಯವರು 50 ಸಾವಿರಕ್ಕೂ ಹೆಚ್ಚು ಮತ ಪಡೆದು ಎರಡನೆಯವರಾದರು. ಆಮೇಲೆ ಪಕ್ಷಕ್ಕೂ ಅವರಿಗೂ ಮುರಿದುಬಿತ್ತು. 2022ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಜೆಡಿಎಸ್ ಬೆಂಬಲವಿದ್ದೂ ಪಕ್ಷ ಮೂರನೇ ಸ್ಥಾನಕ್ಕೆ ಇಳಿಯಿತು. ಬಾಗೇಪಲ್ಲಿಯ ಸೋಲಿಗೆ ಸಮಾಜದ ಬದಲಾವಣೆಯನ್ನೇ ಹೊಣೆ ಮಾಡಿದರೆ ಪಕ್ಷ ತನ್ನ ಪಾಲನ್ನು ಮರೆಮಾಚಿದಂತಾಗುತ್ತದೆ.

ದುಡಿಯುವವರ ಹೋರಾಟವೇನೂ ನಿಂತಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರ ಕರೆಗೂ ಕಾಯದೆ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. 2017ರ ಮಾರ್ಚ್‌ನಲ್ಲಿ ಸಿಪಿಎಂನ ಕಾರ್ಮಿಕ ಸಂಘಟನೆಯಾದ ಸಿಐಟಿಯು ನೇತೃತ್ವದಲ್ಲಿ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಅದೇ ಬೆಂಗಳೂರಿನ ರಸ್ತೆಯಲ್ಲಿ ಹಗಲು ರಾತ್ರಿ ಕೂತರು. ಅವರನ್ನೆಲ್ಲ ಒಂದೇ ಕ್ಷೇತ್ರದಲ್ಲಿ ನಿಲ್ಲಿಸಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತೇನೋ. ಆದರೆ ಧರಣಿ ಮುಗಿಸಿ ಬಸ್ಸು ಹತ್ತಿದ ಮೇಲೆ ಅವರು ಊರಿಗೊಬ್ಬರು, ಇಬ್ಬರು. ಅವರ ಮತ ಹಂಚಿಹೋಗಿರುವುದು 224 ಕ್ಷೇತ್ರಗಳಿಗೆ.